ಹಾ, ಎಲ್ಲ ಕಡೆ

ಆ ಪ್ರೆಸ್ಸಿನಲ್ಲಿ ಊಟದ ಗಂಟೆ ಅಂತ ಒಂದಿಲ್ಲ. ಮೆಷಿನ್ ನಿಂತರೆ ಊಟದ ಹೊತ್ತಾಯಿತು ಅಂತ ತಿಳಿದುಕೊಳ್ಳಬೇಕು. ಒಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮೆಷಿನ್ ನಿಂತಿತು. ಬೆಳಗಿನಿಂದ ಅದರ ಅಬ್ಬರದಡಿ ಹೂತುಹೋಗಿದ್ದ ಸಣ್ಣಪುಟ್ಟ ಸದ್ದುಗಳೆಲ್ಲ ಒಂದೊಂದಾಗಿ ಮೇಲೆದ್ದವು. ಹಿತ್ತಲಿನ ನಲ್ಲಿ ತೊಟ್ಟಿಕ್ಕುವುದು, ಯಾರದೋ ಡಬ್ಬಿಯ ಮುಚ್ಚಳ ತೆರೆಯುವುದು, ಯಜಮಾನರ ಕೋಣೆಯೊಳಗಿಂದ ಕೆಮ್ಮು. ಇವೆಲ್ಲದರ ನಡುವೆ ಮಡಿಸುವ ಮೇಜಿನಿಂದ ಸರ್ರ್ ಎಂದು ಒಂದು ಸದ್ದು. ಸ್ವಲ್ಪ ಬಿಟ್ಟು ಮತ್ತೆ ಸರ್ರ್. ಮಡಿಸಿದ ಹಾಳೆಯ ಮೇಲೆ ಮರದ ಪಟ್ಟಿ ಎಳೆದು ಮಡಿಕೆ ಕೂರಿಸುವ ಸದ್ದು. ಮೂಲೆಯ ಮೇಜಿನಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದ ಪ್ರೂಫ್ ರೀಡರ್ ಅದನ್ನು ಕೇಳಬಾರದು ಅಂದುಕೊಂಡಷ್ಟೂ ಅವನ ಕಿವಿ ಆ ಕಡೆಗೇ ಓಡುತ್ತಿತ್ತು. ದೇವರು ಕಣ್ಣಿಗೆ ಕೊಟ್ಟ ರೆಪ್ಪೆಯ ಸೌಕರ್ಯವನ್ನು ಕಿವಿಗೇಕೆ ಕೊಡಲಿಲ್ಲವೋ ಎಂದು ಅವನು ಈಚೆಗೆ ದಿನಕ್ಕೆ ನಾಲ್ಕು ಸಲವಾದರೂ ಯೋಚಿಸುತ್ತಿದ್ದ.

"ಸ್ವಾಮಿಗಳದ್ದು ಇವತ್ತೂ ಗಾಳಿ ಊಟವೇ?" ಎಂದು ಮೆಷಿನ್ನಿನವನು ಕೈ ಒರೆಸಿಕೊಳ್ಳುತ್ತ ಕೇಳಿದ. ವರ್ಷಗಟ್ಟಲೆ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವನ ಗಂಟಲು ಅಲ್ಲಿಗೇ ನಿಂತುಬಿಟ್ಟಿತ್ತು, ಮೆಷಿನ್ ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದ. ಅದಕ್ಕೇ ಅವನಿಗೆ ಗುಡುಗು ಅಂತ ಹೆಸರು. ಪ್ರೂಫ್ ರೀಡರ್ ಸಣ್ಣಗೆ ನಕ್ಕು ನೀರಿನ ಬಾಟಲಿ ತೋರಿಸಿದ. ಆ ಸಣ್ಣ ನಗುವನ್ನು ಅವನು ವರ್ಷಗಳಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ: ಹಸಿವೇನೋ ಇದೆ, ಆದರೆ ಅದರ ಮಾತೇಕೆ ಎನ್ನುವಂಥ ನಗು. ತಪಸ್ಸು ಕಾಲ ಬಂತೆಂದರೆ ಈಸ್ಟರ್‌ವರೆಗಿನ ನಲವತ್ತು ದಿನವೂ ಅವನು ಸಂಜೆಯ ತನಕ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಚರ್ಚಿನವರು ಕೂಡ ಇಷ್ಟು ಕೇಳುವುದಿಲ್ಲ. ಎರಡು ದಿನ ಉಪವಾಸ, ಶುಕ್ರವಾರ ಮಾಂಸ ಬೇಡ, ಕೈಲಾದಷ್ಟು ದಾನ, ಪ್ರಾರ್ಥನೆ, ಅಷ್ಟೇ. ಇವನು ಚರ್ಚಿಗಿಂತ ಒಂದು ಕೈ ಮೇಲೆ. ಹೊಟ್ಟೆ ತಾಳ ಹಾಕುವ ಹೊತ್ತಿಗೆ ತಲೆಯಲ್ಲಿ ಒಂದು ಹಗುರ ಬರುತ್ತಿತ್ತು, ಅಕ್ಷರಗಳು ಹಾಳೆಯಿಂದ ಒಂದು ಕೂದಲೆಳೆ ಮೇಲೆದ್ದು ನಿಂತ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದವು, ಸುತ್ತ ಕೂತು ಉಣ್ಣುವವರನ್ನು ಕಂಡರೆ ಅಯ್ಯೋ ಪಾಪ ಅನಿಸುತ್ತಿತ್ತು. ಈ ವರ್ಷ ಅದೇ ಹಸಿವು, ಅದೇ ನೀರು, ಹಗುರ ಮಾತ್ರ ಬರಲಿಲ್ಲ. ಐದನೆಯ ವಾರದ ಶುಕ್ರವಾರ ಬಂದರೂ ಬರಲಿಲ್ಲ. ಕಾಲಬುಡದ ಚೀಲದಲ್ಲಿ ಅವನ ಜಪದ ಪುಸ್ತಕ ಇತ್ತು, ಪುಸ್ತಕದೊಳಗೆ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು, ಆ ಹಾಳೆ ಅಲ್ಲಿರುವ ತನಕ ಹಗುರ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಮಡಿಸುವ ಮೇಜಿನಲ್ಲಿ ಕೂತಿದ್ದವಳು ಟೈಪಕ್ಕ. ಹೆಸರು ಇನ್ನೂ ಅದೇ, ಟೈಪ್ ಮಾಡುವ ಕೆಲಸ ಮಾತ್ರ ಈಗ ಅವಳ ಕೈಯಲ್ಲಿಲ್ಲ. ಹದಿನೆಂಟು ವರ್ಷ ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತವಳು. ಅವಳು ಅವನನ್ನು ಅಣ್ಣ ಅನ್ನುತ್ತಿದ್ದಳು, ಅವನು ಅವಳನ್ನು ಅಕ್ಕ ಅನ್ನುತ್ತಿದ್ದ. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಹದಿನೆಂಟು ವರ್ಷದಲ್ಲೂ ತೀರ್ಮಾನವಾಗಿರಲಿಲ್ಲ. ಅವಳು ಅವನ ಚರ್ಚಿನವಳಲ್ಲ, ಯಾವ ಚರ್ಚಿನವಳೂ ಅಲ್ಲ. ಒಂದು ವರ್ಷ, ಇಂಥದೇ ಬಿಸಿಲಿನ ಮಧ್ಯಾಹ್ನ, ಅವನು ತನ್ನ ಭಾಷಾಜ್ಞಾನ ತೋರಿಸಲು ಹೋಗಿ, "ಉಪ ಅಂದ್ರೆ ಹತ್ತಿರ ಅಕ್ಕ, ವಾಸ ಅಂದ್ರೆ ಇರೋದು. ದೇವರ ಹತ್ತಿರ ಇರೋದೇ ಉಪವಾಸ. ಊಟ ಬಿಡೋದು ಆಮೇಲಿನ ಮಾತು" ಅಂದಿದ್ದ. ಅವಳು ತುತ್ತು ಬಾಯಲ್ಲಿಟ್ಟುಕೊಂಡೇ, "ಹಾಗಾದ್ರೆ ಊಟ ಮಾಡ್ಕೊಂಡೇ ಹತ್ತಿರ ಇರಬಹುದಲ್ಲ ಅಣ್ಣ" ಅಂದಿದ್ದಳು. ಗುಡುಗು ಬಿದ್ದು ಬಿದ್ದು ನಕ್ಕಿದ್ದ. ಇವನೂ ನಕ್ಕಿದ್ದ, ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಕೊಡಬಹುದಾಗಿದ್ದ ಉತ್ತರಗಳನ್ನು ಹುಡುಕುತ್ತಲೇ ಇದ್ದ. ಒಂದೂ ಸಿಕ್ಕಿರಲಿಲ್ಲ.

ಈಗ ಕಂಪ್ಯೂಟರಿನ ಮೇಲೆ ಒಂದು ಬಟ್ಟೆ ಹೊದಿಸಿದೆ. ದಿನಾ ಬೆಳಿಗ್ಗೆ ಯಜಮಾನರೇ ಬಂದು, ಕುರ್ಚಿ ಕೆಳಗಿಳಿಸಿಕೊಂಡು, ಎರಡು ಬೆರಳಿನಲ್ಲಿ ಕುಟ್ಟಿ, ಬೈದುಕೊಂಡು, ಬಟ್ಟೆ ಹೊದಿಸಿ ಹೋಗುತ್ತಾರೆ. ಕಳೆದ ಶನಿವಾರ ಸಂಜೆ ಚರ್ಚಿನಲ್ಲೂ ವಿಗ್ರಹಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದ್ದರು. ಏಣಿ ಹಿಡಿದುಕೊಂಡವನು ಇವನೇ. ಬಟ್ಟೆ ಬಿದ್ದ ಮೇಲೆ ಯಾವ ಸಂತ ಯಾರು ಅಂತ ಗೊತ್ತಾಗುವುದಿಲ್ಲ, ಎಲ್ಲರಿಗೂ ಒಂದೇ ಭುಜ. ಪ್ರತಿ ವರ್ಷ ಅದನ್ನು ನೋಡಿದಾಗ ಅವನಿಗೆ ಹಬ್ಬದ ಮುಂಚಿನ ಒಂದು ಗಂಭೀರ ಸಂತೋಷ ಆಗುತ್ತಿತ್ತು, ಮುಚ್ಚಿದ್ದನ್ನು ಬೇಗ ತೆರೆಯುತ್ತಾರೆ ಎನ್ನುವ ಸಂತೋಷ. ಈ ಸಲ ಏಣಿ ಹಿಡಿದು ನಿಂತವನಿಗೆ ಕಿಟಕಿ ಪಕ್ಕದ ಕಂಪ್ಯೂಟರು ನೆನಪಾಗಿ ಕೈ ಬೆವರಿತು. ಮೇಲಿದ್ದವರು "ಗಟ್ಟಿ ಹಿಡ್ಕೊಳಪ್ಪ, ಅಲ್ಲಾಡ್ತಿದೆ" ಅಂದರು.

ಆಗಿದ್ದಿಷ್ಟು. ವಿಭೂತಿ ಬುಧವಾರ, ತಪಸ್ಸು ಕಾಲದ ಮೊದಲ ದಿನ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆದು ಚರ್ಚಿನಲ್ಲಿ ಮಾಡುವ ಶಿಲುಬೆ ಹಾದಿ ಪ್ರಾರ್ಥನೆಯ ಹದಿನಾರು ಪುಟದ ಪುಸ್ತಕ ಪ್ರೂಫಿಗೆ ಬಂದಿತ್ತು. ಪ್ರಾರ್ಥನೆಗಳಲ್ಲೆಲ್ಲ ಉಪವಾಸ, ಉಪವಾಸ, ಉಪವಾಸ. ಒಂಬತ್ತನೆಯ ಪುಟದಲ್ಲಿ ಸೈನಿಕರು ಯೇಸುವಿಗೆ ರಾಜನ ನಿಲುವಂಗಿ ತೊಡಿಸಿ ಗೇಲಿ ಮಾಡುವ ಭಾಗ. ಅಲ್ಲಿ ಚರ್ಚಿನ ಗುರುಗಳು ತಮ್ಮ ಕೈಬರಹದಲ್ಲಿ 'ಸೈನಿಕರ ಉಪಹಾಸ' ಎಂದು ಮೂರು ಸಲ ಬರೆದಿದ್ದರು. ಅಷ್ಟು ಹೊತ್ತು ಉಪವಾಸ ಉಪವಾಸ ಎಂದು ಕುಟ್ಟಿದ್ದ ಟೈಪಕ್ಕನ ಬೆರಳು ಅಲ್ಲೂ ತನ್ನ ಪಾಡಿಗೆ ತಾನು 'ಸೈನಿಕರ ಉಪವಾಸ' ಎಂದು ಕುಟ್ಟಿಬಿಟ್ಟಿತ್ತು. ಪ್ರೂಫ್ ರೀಡರ್ ಒಬ್ಬನೇ ನಕ್ಕ. ಸೈನಿಕರು ಕೂಡ ನನ್ನ ಹಾಗೆ ನೀರು ಕುಡಿದು ಕೂತರೋ ಎಂದುಕೊಂಡು, ಮೊದಲನೆಯ 'ವಾ'ಕ್ಕೆ ಸುತ್ತು ಹಾಕಿ, ಅಂಚಿಗೆ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಬರೆದ: ಹಾ, ಎಲ್ಲ ಕಡೆ. ಎಲ್ಲ ಕಡೆ ಎಂದರೆ ಈ ಪ್ಯಾರಾದಲ್ಲಿ ಎಲ್ಲ ಕಡೆ. ಹಾಗೆ ಬರೆಯಲು ಇನ್ನೆರಡು ಪದ ಸಾಕಿತ್ತು. ಅವನಿಗೆ ಆ ಎರಡು ಪದಕ್ಕೆ ಪುರುಸೊತ್ತಿರಲಿಲ್ಲ. ಟೈಪಕ್ಕ ಅಂಚನ್ನು ನೋಡಿದಳು, ಕಂಪ್ಯೂಟರಿನಲ್ಲಿ ಒಂದು ಪದವನ್ನು ಒಂದೇ ಏಟಿಗೆ ಪುಸ್ತಕದಲ್ಲೆಲ್ಲ ಬದಲಿಸಬಹುದು, ಬದಲಿಸಿದಳು. ತಿದ್ದಿದ ಪ್ರೂಫ್ ಅವನ ಮೇಜಿಗೆ ಬಂದಾಗ ಸಂಜೆ ಐದಕ್ಕೆ ಇನ್ನು ಕಾಲು ಗಂಟೆ ಇತ್ತು. ಐದೂವರೆಗೆ ಚರ್ಚಿನಲ್ಲಿ ಹಣೆಗೆ ಬೂದಿ. ಅವನು ಒಂದು ಪುಟವನ್ನೂ ತಿರುಗಿಸದೆ ಮೇಲೆ 'ಮುದ್ರಿಸಬಹುದು' ಎಂದು ಸಹಿ ಹಾಕಿ ಓಡಿದ. ನೀನು ಮಣ್ಣು ಎಂದು ಗುರುಗಳು ಹಣೆಗೆ ಬೂದಿ ಒತ್ತುವಾಗ, ಸಾಲಿನಲ್ಲಿ ತಾನೇ ಮುಂದೆ ನಿಂತಿದ್ದೇನೆ ಎಂಬ ತೃಪ್ತಿ ಅವನಲ್ಲಿ ತುಂಬಿತ್ತು.

ಶುಕ್ರವಾರ ಸಂಜೆ ಶಿಲುಬೆ ಹಾದಿ. ಎಲ್ಲರ ಕೈಯಲ್ಲೂ ಹೊಸ ಪುಸ್ತಕ, ಶಾಯಿ ವಾಸನೆ. ಗುರುಗಳು ಪ್ರಾರ್ಥನೆ ಹೇಳಿದರು, ಜನ ಉತ್ತರ ಓದಬೇಕು: ಕರ್ತನೇ, ನಮ್ಮ ಉಪವಾಸವನ್ನು ಸ್ವೀಕರಿಸು. ವಯಸ್ಸಾದವರು ಪುಸ್ತಕ ನೋಡದೆ ರೂಢಿಯ ಮೇಲೆ ಸರಿಯಾಗಿಯೇ ಹೇಳಿದರು. ಆದರೆ ಪ್ರೂಫ್ ರೀಡರಿಗೆ ಇಪ್ಪತ್ತಾರು ವರ್ಷದಿಂದ ಒಂದೇ ಅಭ್ಯಾಸ, ಹಾಳೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದುವುದು. ಗಟ್ಟಿ ದನಿ ಬೇರೆ. "ಕರ್ತನೇ, ನಮ್ಮ ಉಪಹಾಸವನ್ನು ಸ್ವೀಕರಿಸು" ಎಂದು ಅವನ ದನಿ ಚಾವಣಿಗೆ ತಾಗಿ ವಾಪಸು ಬಂತು. ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದಳು. ಮುಂದಿನ ಉತ್ತರಕ್ಕೆ ಇನ್ನೂ ಹತ್ತಾರು ಜನ ಹಾಗೇ ಓದಿದರು, ಯಾರೋ ಕಿಸಕ್ಕೆಂದರು, ಹಿಂದಿನ ಸಾಲಿನಿಂದ ಒಬ್ಬರು "ಮುಂದಿನ ವರ್ಷ ಉಪಾಹಾರ ಅಂತ ಹಾಕಿಸ್ಬಿಡಿ" ಅಂದರು. ಗುರುಗಳು ಮಾತ್ರ ಮುಖ ಸಿಂಡರಿಸಲಿಲ್ಲ. "ಪುಸ್ತಕ ಬದಿಗಿಡಿ. ದೇವರಿಗೆ ಕಾಗುಣಿತ ಬರುತ್ತೆ" ಅಂದುಬಿಟ್ಟರು. ಎಲ್ಲರೂ ನಕ್ಕರು. ಪ್ರೂಫ್ ರೀಡರನಿಗೆ ಹೊಳೆದದ್ದು ಆಗಲ್ಲ, ಆಮೇಲೆ, ಮೊಣಕಾಲೂರಿದಾಗ. ಒಂಬತ್ತನೆಯ ಪುಟದ ಅಂಚು, ತನ್ನದೇ ಅಕ್ಷರ, ಶಾಯಿಯ ಬಣ್ಣ ಸಮೇತ ಕಣ್ಣ ಮುಂದೆ ಬಂದು ನಿಂತಿತು.

ಮರುದಿನ ಯಾರೂ ಬರುವ ಮೊದಲೇ ಅವನು ಪ್ರೆಸ್ಸಿಗೆ ಹೋದ. ಫೈಲಿನಿಂದ ಒಂಬತ್ತನೆಯ ಪುಟವನ್ನು ತೆಗೆದಿಟ್ಟುಕೊಂಡ. ತೆಗೆದಿಟ್ಟುಕೊಂಡೆ ಎಂಬ ಮಾತನ್ನು ಅವನು ಅವತ್ತೇ ಆರಿಸಿಕೊಂಡದ್ದು, ಪದಗಳ ವಿಷಯದಲ್ಲಿ ಅವನಿಗೆ ಅಷ್ಟು ಎಚ್ಚರ. ಹತ್ತು ಗಂಟೆಗೆ ಯಜಮಾನರು ಚರ್ಚಿನ ಫೋನು ಇಟ್ಟು ಕೆಂಡವಾಗಿ ಹೊರಗೆ ಬಂದರು. ಎರಡು ಸಾವಿರ ಪುಸ್ತಕ ಮತ್ತೆ ಮುದ್ರಿಸಬೇಕು. "ಯಾರು ಮಾಡಿದ್ದು ಇದನ್ನ?" ಟೈಪಕ್ಕ ಇವನ ಕಡೆ ನೋಡಿದಳು, ದೂರುವ ನೋಟವಲ್ಲ, ನೀವು ಹೇಳಿ ಎನ್ನುವ ನೋಟ. ಇವನು ಅಂದ: "ಮೊದಲನೇ ಪ್ರೂಫಲ್ಲಿ ಉಪವಾಸ ಅಂತ ಸರಿಯಾಗೇ ಇತ್ತು ಸಾರ್. ಆಮೇಲೆ ಬದಲಾಗಿದೆ." ಒಂದಕ್ಷರ ಸುಳ್ಳಿಲ್ಲ. ಅಂಥ ಅಚ್ಚುಕಟ್ಟಾದ ವಾಕ್ಯ ಅವನು ಜೀವಮಾನದಲ್ಲಿ ಇನ್ನೊಂದು ಆಡಿರಲಿಕ್ಕಿಲ್ಲ. ಟೈಪಕ್ಕ ಫೈಲು ತೆರೆದು ಹುಡುಕಿದಳು. ಎಂಟು ಇತ್ತು, ಹತ್ತು ಇತ್ತು. ಮತ್ತೆ ಮೊದಲಿನಿಂದ ಹುಡುಕಿದಳು. ಎಲ್ಲರೂ ನಿಂತು ನೋಡುತ್ತಿದ್ದರು. "ಅಣ್ಣ ಎಲ್ಲ ಕಡೆ ಅಂತ ಬರೆದಿದ್ದ ಹಾಗೆ ನೆನಪು…" ಎಂದು ಶುರು ಮಾಡಿ, ಹಾಳೆ ಇಲ್ಲದ ಫೈಲನ್ನು ನೋಡಿ, ಮಾತು ನುಂಗಿಕೊಂಡಳು. "ನನ್ನ ಕೈತಪ್ಪೇ ಇರಬೇಕು ಸಾರ್." ಕೊನೆಯ ಪ್ರೂಫಿನ ಮೇಲಿನ ಸಹಿಯ ಮಾತನ್ನು ಕೋಪದಲ್ಲಿದ್ದ ಯಜಮಾನರು ಎತ್ತಲೇ ಇಲ್ಲ. ಅಲ್ಲೇ, ಎಲ್ಲರ ಎದುರೇ, ಅವಳಿಗೆ ಎದ್ದು ಮಡಿಸುವ ಮೇಜಿಗೆ ಹೋಗಿ ಕೂರಲು ಹೇಳಿದರು. ಅವಳು ಕನ್ನಡಕದ ಡಬ್ಬಿ, ಒಂದು ಸಣ್ಣ ದಿಂಬು, ಮಗಳ ಫೋಟೋ ಮೂರನ್ನೂ ಎತ್ತಿಕೊಂಡು ಎದ್ದುಹೋದಳು.

"ಅಣ್ಣ, ಒಂದು ಮಾತು ಕೇಳಲಾ?"

ಟೈಪಕ್ಕ ಊಟದ ಖಾಲಿ ಡಬ್ಬಿ ಹಿಡಿದುಕೊಂಡು ಅವನ ಮೇಜಿನ ಪಕ್ಕ ನಿಂತಿದ್ದಳು. ಸರ್ರ್ ಎನ್ನುವುದು ಯಾವಾಗ ನಿಂತಿತೋ ಅವನಿಗೆ ಗೊತ್ತಾಗಿರಲಿಲ್ಲ. ಅವನು ಪಾದವನ್ನು ಚೀಲದ ಮೇಲೆ ಒತ್ತಿದ.

"ನಾಳೆ ಅರ್ಧ ದಿನ ರಜ ಕೇಳಿದ್ದೀನಿ. ಡಾಕ್ಟರ ಹತ್ತಿರ ಹೋಗ್ತಿದ್ದೀನಿ. ನನಗೆ ಏನಾದ್ರೂ ವ್ಯತ್ಯಾಸ ಕಾಣುತ್ತಾ ನಿಮಗೆ? ನೀವು ಹತ್ತಿರದಿಂದ ನೋಡಿರೋರು. ಹೇಳಿದ್ದನ್ನೇ ಹೇಳ್ತೀನಾ? ಏನಾದ್ರೂ ಮರೀತೀನಾ?"

"ಯಾಕಕ್ಕ ಹಾಗೆಲ್ಲ?" ಅವನು ಬಾಟಲಿ ಎತ್ತಿ ನೀರು ಕುಡಿದ.

"ಆ ಹಾಳೆ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ ಅಣ್ಣ. ಕೆಂಪು ಶಾಯಿ, ನಿಮ್ಮ ಅಕ್ಷರ, ಎಲ್ಲ ಕಡೆ ಅಂತ. ಆದ್ರೆ ಹಾಳೇನೇ ಇಲ್ಲ. ಇಲ್ಲದ್ದು ಕಂಡಿದೆ ಅಂದ್ರೆ ಏನರ್ಥ? ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಇಲ್ಲದ ಕಾಗದ ಓದಿದೆ ಅನ್ನೋರು. ಕೊನೆಕೊನೆಗೆ ನನ್ನನ್ನೇ, ನೀವು ಯಾರ ಮನೆಯವರಮ್ಮ ಅಂತ ಕೇಳ್ತಿದ್ರು. ಅವರಿಗೂ ಆಗ ಐವತ್ತೆರಡೇ."

ಹೇಳಿಬಿಡು ಎಂದು ಅವನೊಳಗೆ ಯಾರೋ ಅಂದರು. ಅವನು ಹೇಳಿದ್ದು, "ಏನೂ ಆಗಿರಲ್ಲ ಅಕ್ಕ. ಸುಸ್ತಿರಬೇಕು. ತೋರಿಸ್ಕೊಂಡು ಬನ್ನಿ, ಒಳ್ಳೇದೇ." ಸುಸ್ತಿರಬೇಕು ಎಂದ ಬಾಯನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವಂತಿದ್ದರೆ ಎಂದು ಅವನಿಗೆ ಅನಿಸಿತು. ಅವಳು ತಲೆಯಾಡಿಸಿದಳು. ಅವನ ಬಾಟಲಿಯ ಕಡೆ ನೋಡಿ, "ನೀವೂ ಸ್ವಲ್ಪ ಏನಾದ್ರೂ ತಿನ್ನಿ, ಮುಖ ಬಿಳಿಚಿಕೊಂಡಿದೆ" ಎಂದು ಹಿತ್ತಲಿಗೆ ಹೋದಳು.

ಬಿಳಿಚಿದ ಮುಖ. ಹೆಂಡತಿಯೂ ಬೆಳಿಗ್ಗೆ ಅದನ್ನೇ ಅಂದಿದ್ದಳು, ಆದರೆ ಕನಿಕರದಿಂದಲ್ಲ. "ನಿಮ್ಮ ಉಪವಾಸ ನಮಗೆಲ್ಲ ಶಿಕ್ಷೆ ಕಣ್ರೀ. ಹಸಿದಷ್ಟೂ ಮುಖ ಗಂಟು ಹಾಕ್ಕೋತೀರ. ತಿಂದು ನಗ್ತಾ ಇರೋ ಗಂಡನೇ ವಾಸಿ." ಅವನು ಚೀಲ ಎತ್ತಿಕೊಂಡು ಹೊರಟಿದ್ದ. ಉತ್ತರ ಕೊಟ್ಟರೆ ಎಲ್ಲ ಹೇಳಿಬಿಡಬೇಕಾಗುತ್ತಿತ್ತು. ಕಳೆದ ಶನಿವಾರ, ಏಣಿ ಒಳಗಿಟ್ಟ ಮೇಲೆ, ಪಾಪನಿವೇದನೆಯ ಸಾಲಿನಲ್ಲೂ ನಿಂತಿದ್ದ. ಜಾಲರಿಯಾಚೆ ಮುದಿ ಗುರುಗಳ ಉಸಿರು ಕೇಳುತ್ತಿತ್ತು. "ಒಂದು ದಿನ ಮೂರು ಗಂಟೆಗೆ ಬಾಳೆಹಣ್ಣು ತಿಂದೆ ಫಾದರ್" ಎಂದಿದ್ದ. ಗುರುಗಳು, "ಬಾಳೆಹಣ್ಣಿನಿಂದ ದೇವರಿಗೇನೂ ಆಗಲ್ಲಪ್ಪ. ಇನ್ನೇನಿದೆ?" ಎಂದರು. ಇನ್ನೇನಿದೆ. ಎಷ್ಟು ಸುಲಭದ ಪ್ರಶ್ನೆ. ಹೆಂಡತಿಯ ಮೇಲೆ ರೇಗಿದ್ದು, ಜಪದ ಹೊತ್ತಿಗೆ ಮನಸ್ಸು ಅಲೆದದ್ದು, ಇನ್ನೊಬ್ಬರನ್ನು ಕೀಳಾಗಿ ಕಂಡದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಗುರುಗಳು ಸುಮ್ಮನೆ ಕಾದರು. ಆ ಮೌನದಲ್ಲಿ ಒಂಬತ್ತನೆಯ ಪುಟ ಗಂಟಲವರೆಗೆ ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡು, "ಅಷ್ಟೇ ಫಾದರ್" ಎಂದ. ನಲವತ್ತು ದಿನದಲ್ಲಿ ಅವನು ಹೊಟ್ಟೆ ತುಂಬ ನುಂಗಿದ್ದು ಅದೊಂದನ್ನೇ. ಕ್ಷಮೆಯ ಮಾತು ಜಾಲರಿಯಿಂದ ಈಚೆ ಬಂತು, ಇವನು ಶಿಲುಬೆ ಗುರುತು ಹಾಕಿಕೊಂಡು ಎದ್ದ, ಮೊಣಕಾಲಿನ ಧೂಳು ಕೊಡವಿಕೊಂಡ, ಹೊರಗೆ ಬಂದ ಮೇಲೆ ಒಂದು ಗೋಡೆಗೆ ಆನಿಕೊಂಡು ಬಹಳ ಹೊತ್ತು ನಿಂತಿದ್ದ. ಹೇಳದೆ ಉಳಿಸಿಕೊಂಡದ್ದಕ್ಕೂ ಆ ಕ್ಷಮೆ ತಾಗುತ್ತದೆಯೇ ಎಂದು ಯಾರನ್ನು ಕೇಳುವುದು?

ಅವನು ಚೀಲದಿಂದ ಜಪದ ಪುಸ್ತಕ ತೆಗೆದು ಅಂಗಿಯೊಳಗೆ ಸಿಕ್ಕಿಸಿಕೊಂಡು ಹಿತ್ತಲಿನ ಇನ್ನೊಂದು ಬಾಗಿಲಿನಿಂದ ಹೊರಬಿದ್ದ. ಅಲ್ಲಿ ಒಂದು ತಗಡಿನ ಪೀಪಾಯಿ. ಹಾಳಾದ ಹಾಳೆಗಳನ್ನೆಲ್ಲ ಅದರಲ್ಲಿ ಸುಡುತ್ತಾರೆ. ಬೆಳಿಗ್ಗೆ ಹಾಕಿದ ಬೆಂಕಿ ಅಡಿಯಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ಹಾಳೆ ಹೋದರೆ ಎಲ್ಲ ಹೋಯಿತು. ಡಾಕ್ಟರು ನೋಡಿ ಅವಳಿಗೆ ಏನೂ ಇಲ್ಲ ಅನ್ನುತ್ತಾರೆ, ಅವಳಿಗೆ ಧೈರ್ಯ ಬರುತ್ತದೆ, ಯಜಮಾನರ ಎರಡು ಬೆರಳು ಸೋತು ಇನ್ನೊಂದು ತಿಂಗಳಿಗೆ ಅವಳನ್ನು ಕರೆದು ಕೂರಿಸುತ್ತಾರೆ. ಯಾರಿಗೂ ನಷ್ಟವಿಲ್ಲ. ಹೋದ ವರ್ಷದ ಗರಿಗಳ ಭಾನುವಾರದ ಒಣಗರಿಗಳನ್ನು ಸುಟ್ಟೇ ಅಲ್ಲವೇ ಹಣೆಯ ಬೂದಿ ಮಾಡುವುದು, ಇದನ್ನೂ ಸುಟ್ಟು ಅದರ ಬೂದಿಯನ್ನು ಹಣೆಗೆ ಹಚ್ಚಿಕೊಂಡರೆ ಪಶ್ಚಾತ್ತಾಪ ಆದ ಹಾಗೆಯೇ. ಹೀಗೆ ಯೋಚಿಸಿದ್ದು ತಾನೇ ಎಂದು ಅವನಿಗೆ ಅರಿವಾಯಿತು. ಹಾಳೆಯನ್ನು ಪೀಪಾಯಿಯ ಮೇಲೆ ಹಿಡಿದುಕೊಂಡೇ ನಿಂತ.

ಆಗ ನಲ್ಲಿಯ ಕಡೆಯಿಂದ ದನಿ ಕೇಳಿಸಿತು. ಟೈಪಕ್ಕ ಬೆನ್ನು ಮಾಡಿ ಡಬ್ಬಿ ತೊಳೆಯುತ್ತಿದ್ದಳು, ಏನನ್ನೋ ಒಪ್ಪಿಸುತ್ತಿದ್ದಳು. ಮೊದಲು ಹಾಡು ಅಂದುಕೊಂಡ. ಹಾಡಲ್ಲ. "ಮೊದಲನೇ ಬೆಂಚು: ಉದ್ದ ಜಡೆಯೋಳು, ಡಾಕ್ಟರ ಮಗಳು, ಕುಂಟು ಕಾಲಿನೋಳು. ಎರಡನೇ ಬೆಂಚು: ನಾನು, ಅವಳಿಜವಳಿ ಇಬ್ಬರು, ಆಮೇಲೆ… ಆಮೇಲೆ…" ತನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅವಳು ಚಿಕ್ಕಂದಿನ ಶಾಲೆಯ ಬೆಂಚುಗಳನ್ನು ಎಣಿಸಿ ನೋಡಿಕೊಳ್ಳುತ್ತಿದ್ದಳು. ಎರಡನೇ ಬೆಂಚಿನ ಕೊನೆಯವಳು ಸಿಗಲಿಲ್ಲ. ನಲ್ಲಿ ನಿಲ್ಲಿಸಿದಳು. ಮತ್ತೆ ಮೊದಲನೇ ಬೆಂಚಿನಿಂದ ಬಂದಳು, ಮತ್ತೆ ಅಲ್ಲೇ ನಿಂತಳು, ಒದ್ದೆ ಅಂಗೈಯಿಂದ ಹಣೆಯನ್ನು ಮೆಲ್ಲಗೆ ಬಡಿದುಕೊಂಡಳು. ಅವಳು ಇತ್ತ ತಿರುಗಿದಾಗ ಹಣೆಯ ಮೇಲೆ ಒದ್ದೆ ಗುರುತು ಹಾಗೇ ಇತ್ತು. ಪೀಪಾಯಿಯ ಮರೆಯಲ್ಲಿದ್ದ ಅವನನ್ನು ನೋಡದೆ ಅವಳು ಒಳಗೆ ಹೋದಳು. ಅವನಿಗೆ ಅಲ್ಲೇ ಕುಸಿದು ಕೂತು ಅಳಬೇಕೆನಿಸಿತು. ಅತ್ತರೆ ಅದೂ ತನಗಾಗಿಯೇ ಆಗುತ್ತದೆ ಎಂದು ಹೊಳೆದು, ಹಾಳೆ ಮಡಿಸಿ ಪುಸ್ತಕದೊಳಗಿಟ್ಟು, ಒಳಗೆ ನಡೆದ. ಮೆಷಿನ್ ಮತ್ತೆ ಶುರುವಾಗಿತ್ತು.

ಮಡಿಸುವ ಮೇಜಿನ ಈಚೆ ಒಂದು ಸ್ಟೂಲು ಇತ್ತು. ಮೂವತ್ತನಾಲ್ಕು ದಿನದಿಂದ ಅವನು ಅದರ ಹತ್ತಿರ ಸುಳಿದಿರಲಿಲ್ಲ, ನೀರಿಗೆ ಹೋಗುವಾಗಲೂ ಗೋಡೆಯ ಬದಿಯಿಂದ ಸುತ್ತಿ ಹೋಗುತ್ತಿದ್ದ. ಈಗ ಅದರ ಮೇಲೆ ಕೂತು, ಪುಸ್ತಕದಿಂದ ಹಾಳೆ ತೆಗೆದು, ಬಿಡಿಸಿ ಅವಳ ಮುಂದಿಟ್ಟ. ಅವಳು ಅಭ್ಯಾಸದ ಮೇಲೆ ಅದನ್ನೂ ಮಡಿಸಲು ಎತ್ತಿಕೊಂಡಳು. ತುದಿಗೆ ತುದಿ ಕೂಡಿಸುವಾಗ ಕೆಂಪು ಶಾಯಿ ಕಂಡಿತು. ಕೈ ನಿಂತಿತು. ಹಾಳೆಯನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಓದಿದಳು. ಹಾ, ಎಲ್ಲ ಕಡೆ.

"ಎಲ್ಲಿತ್ತು ಇದು?"

"ನನ್ನ ಹತ್ತಿರ."

ಮೆಷಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. "ಏನು?"

"ನನ್ನ ಹತ್ತಿರಾನೇ ಇತ್ತು ಅಕ್ಕ. ಆ ಶನಿವಾರದಿಂದ. ಮೂವತ್ತನಾಲ್ಕು ದಿನ."

ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದೆಲ್ಲ ಅವನು ಸಿದ್ಧವಾಗಿದ್ದ. ಅವಳು ಅಂಗೈಯನ್ನು ಹಾಳೆಯ ಮೇಲೆ ಅಗಲವಾಗಿ ಇಟ್ಟು, ಅವನಿಗಲ್ಲ, ಯಾರಿಗೂ ಅಲ್ಲ ಎನ್ನುವ ಹಾಗೆ, "ಹಾಗಾದ್ರೆ ನನ್ನ ತಲೆ ಸರಿಯಾಗಿದೆ" ಅಂದಳು. ಇನ್ನೊಂದು ಸಲ ಅಂದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಅವನನ್ನು ನೋಡಿದಳು. "ನಿನ್ನೆ ನನ್ನ ಮಗಳನ್ನ ಕೂರಿಸ್ಕೊಂಡು ಹೇಳಿದೆ ಅಣ್ಣ. ಮುಂದೆ ಒಂದು ದಿನ ನಾನು ನಿನ್ನ ಗುರುತು ಹಿಡೀದೇ ಹೋದ್ರೆ ಬೇಜಾರು ಮಾಡ್ಕೋಬೇಡ ಅಂತ. ಮಗು ರಾತ್ರಿ ಊಟ ಮಾಡ್ಲಿಲ್ಲ."

"ಈಗಲೇ ಯಜಮಾನರ ಕೋಣೆಗೆ ಹೋಗಿ ಹೇಳ್ತೀನಿ" ಎಂದು ಅವನು ಎದ್ದ.

"ಬಾಗಿಲು ಹಾಕ್ಕೊಂಡು ಹೇಳ್ತೀರಾ? ನನ್ನನ್ನ ಎಬ್ಬಿಸಿದ್ದು ಎಲ್ಲರ ಮುಂದೆ." ಅವಳು ತಿರುಗಿ ಗುಡುಗಿಗೆ ಕೈ ಮಾಡಿದಳು. "ಮೆಷಿನ್ ನಿಲ್ಲಿಸು." ಊಟದ ನಂತರ ಶುರುವಾಗಿ ಕಾಲು ಗಂಟೆಯೂ ಆಗದ ಮೆಷಿನ್ನನ್ನು ನಿಲ್ಲಿಸು ಎಂದು ಅಲ್ಲಿ ಯಾರೂ ಹೇಳಿದ್ದಿಲ್ಲ. ಗುಡುಗು ಅವಳ ಮುಖ ನೋಡಿ ನಿಲ್ಲಿಸಿದ. ಸಣ್ಣಪುಟ್ಟ ಸದ್ದುಗಳು ಮತ್ತೆ ಮೇಲೆದ್ದವು. "ಈಗ ಹೇಳಿ" ಎಂದಳು ಟೈಪಕ್ಕ. "ಎಲ್ಲ ಕಡೆ ಕೇಳೋ ಹಾಗೆ."

ಅವನು ನಿಂತ. ಚರ್ಚಿನಲ್ಲಿ ಚಾವಣಿಗೆ ತಾಗುತ್ತಿದ್ದ ದನಿ ಈಗ ಹಲ್ಲಿನ ಹಿಂದೆಯೇ ಉಳಿಯಿತು. "ಆ ತಪ್ಪು ನನ್ನದು" ಎಂದ. ಪುಸ್ತಕಗಳಿಗೆ ಹೊಲಿಗೆ ಹಾಕುವವರು ಸೂಜಿ ಹಿಡಿದೇ ಕತ್ತು ಎತ್ತಿದರು. ಗುಡುಗು "ಏನಂದ್ರಿ?" ಅಂದ. ಸದ್ದು ನಿಂತದ್ದಕ್ಕೆ ಯಜಮಾನರ ಬಾಗಿಲು ತೆರೆಯಿತು. "ಯಾಕೆ, ಏನಾಯ್ತು ಮೆಷಿನ್ನಿಗೆ?" ಮತ್ತೆ ಹೇಳಬೇಕಾಯಿತು. "ಉಪಹಾಸ ಅಂತಾಗಿದ್ದು ನನ್ನಿಂದ ಸಾರ್. ಎಲ್ಲ ಕಡೆ ಅಂತ ಅಂಚಲ್ಲಿ ಬರೆದೋನು ನಾನು. ಆಮೇಲೆ ನೋಡದೇ ಸಹಿ ಹಾಕಿದೆ. ಗೊತ್ತಾದ ಮೇಲೆ ಆ ಹಾಳೆ ತೆಗೆದಿಟ್ಟೆ." ಇಷ್ಟು ಹೇಳಿ ನಿಲ್ಲಬಹುದಿತ್ತು. ಇಪ್ಪತ್ತಾರು ವರ್ಷದ ಕಣ್ಣು ಆ ಕೊನೆಯ ಪದದ ಮೇಲೆ ನಿಂತಿತು. "ತೆಗೆದಿಟ್ಟೆ ಅಲ್ಲ. ಕದ್ದೆ. ಅಕ್ಕನ ತಪ್ಪು ಏನೂ ಇಲ್ಲ."

ಮೊದಲು ಗುಡುಗು ನಕ್ಕ. "ನೋಡ್ರಪ್ಪ, ನಲವತ್ತು ದಿನದ ಸ್ವಾಮಿಗಳನ್ನ" ಎಂದು ನಕ್ಕ, ಅವನ ನಗೆಗೆ ಹೊಲಿಗೆಯವರೂ ಸೇರಿಕೊಂಡರು. ಯಾರೋ "ನೀರು ಕುಡೀರಿ ಸ್ವಾಮಿ, ನೀರು" ಅಂದರು. ಅವನ ಕಿವಿ ಸುಟ್ಟಿತು. ಇಷ್ಟು ವರ್ಷ ತಿದ್ದಿ ತೀಡಿದ ಸಣ್ಣ ನಗು ತುಟಿಯ ತನಕ ಬಂದು ಹಿಂದೆ ಹೋಯಿತು. ತಲೆ ತಗ್ಗಿಸಿ ನಿಂತ. ಚರ್ಚಿನಲ್ಲಿ ತಾನೇ ಗಟ್ಟಿಯಾಗಿ ಓದಿದ್ದ ಆ ಸಾಲು ನೆನಪಿಗೆ ಬಂತು: ಕರ್ತನೇ, ನಮ್ಮ ಉಪಹಾಸವನ್ನು ಸ್ವೀಕರಿಸು. ಈಗ ಅದರಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಒಬ್ಬಳೇ ಒಬ್ಬಳು ನಗಲಿಲ್ಲ, ಟೈಪಕ್ಕ.

ಯಜಮಾನರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇವನಿಗೆ, "ಸಂಜೆ ಕೋಣೆಗೆ ಬನ್ನಿ, ನಿಮ್ಮ ಹತ್ತಿರ ಮಾತಾಡೋದಿದೆ" ಎಂದರು. ಕೆಲಸ ಉಳಿಯುತ್ತದೋ ಇಲ್ಲವೋ ಆ ದನಿಯಲ್ಲಿ ಗೊತ್ತಾಗಲಿಲ್ಲ. ಅವಳಿಗೆ ಏನು ಹೇಳಬೇಕೋ ಅವರಿಗೆ ತೋಚಲಿಲ್ಲ. ಕತ್ತು ಕೆರೆದುಕೊಂಡು, "ಆ ಈಸ್ಟರ್ ಪುಸ್ತಕ ಸೋಮವಾರಕ್ಕೆ ಕೊಡಬೇಕಮ್ಮ. ನನ್ನ ಕೈಲಿ ಆಗ್ತಿಲ್ಲ" ಎಂದರು. ಅವರ ಮಟ್ಟಿಗೆ ಅದೇ ಕ್ಷಮೆ ಕೇಳಿದ್ದು.

ಟೈಪಕ್ಕ ಕನ್ನಡಕದ ಡಬ್ಬಿ, ದಿಂಬು, ಫೋಟೋ ಎತ್ತಿಕೊಂಡು ಕಿಟಕಿಯ ಬಳಿ ಹೋದಳು. ಕಂಪ್ಯೂಟರಿನ ಮೇಲಿನ ಬಟ್ಟೆಯನ್ನು ಎಳೆದು ತೆಗೆದಳು, ಧೂಳು ಬಿಸಿಲಿನಲ್ಲಿ ಎದ್ದಿತು. ಯಜಮಾನರು ಇಳಿಸಿದ್ದ ಕುರ್ಚಿಯನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು. ಫೋನು ತೆಗೆದು ಮಗಳಿಗೆ, "ನಾಳೆ ಡಾಕ್ಟರ ಹತ್ತಿರ ಬೇಡ ಕಣೇ. ಆಮೇಲೆ ಹೇಳ್ತೀನಿ. ಊಟ ಮಾಡು ಮೊದಲು" ಎಂದಳು. ಮೆಷಿನ್ ಮತ್ತೆ ಶುರುವಾಯಿತು. ಪ್ರೂಫ್ ರೀಡರ್ ತನ್ನ ಮೂಲೆಗೆ ಹೋಗಿ ಕೆಂಪು ಪೆನ್ನಿನ ಮುಚ್ಚಳ ತೆಗೆದ.

"ಅದನ್ನ ಅಲ್ಲೇ ಇಟ್ಟು ಬನ್ನಿ" ಎಂದಳು ಅವಳು, ತಿರುಗಿ ನೋಡದೆ. "ಕ್ಷಮಿಸಿದ್ದೀನಿ ಅಂತ ಅಂದ್ಕೋಬೇಡಿ. ನಿಮ್ಮ ಅಂಚನ್ನ ನಾನಿನ್ನು ನಂಬಲ್ಲ. ಗುರುಗಳ ಬರಹ ತಗೊಂಡು ಇಲ್ಲಿ ಹತ್ತಿರ ಕೂತ್ಕೊಂಡು ಓದಿ. ಒತ್ತು, ದೀರ್ಘ, ಎಲ್ಲ ಬಾಯಲ್ಲೇ ಹೇಳಿ."

"ಎಲ್ಲಿಯವರೆಗೆ ಅಕ್ಕ?"

"ನಾನು ಸಾಕು ಅನ್ನೋವರೆಗೆ."

ಅವನು ಸ್ಟೂಲನ್ನು ಅವಳ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು ಕೂತ. ಕೈಬರಹದ ಮೊದಲ ಪುಟವನ್ನು ಬೆಳಕಿಗೆ ಹಿಡಿದು, ಮೆಷಿನ್ನಿನ ಸದ್ದಿನ ಮೇಲೆ ಅವಳಿಗೆ ಕೇಳಲೆಂದು ಮುಂದಕ್ಕೆ ಬಾಗಿದ.

"ಪುನರುತ್ಥಾನ" ಎಂದ. "ಪು. ನ. ರು. ತಕ್ಕೆ ಥ ಒತ್ತು, ದೀರ್ಘ. ನ."

ಅವಳ ಬೆರಳುಗಳು ಕೀಲಿಗಳ ಮೇಲೆ ಕಾದು ನಿಂತಿದ್ದವು. "ಇನ್ನೊಂದ್ಸಲ ಹೇಳಿ" ಎಂದಳು.

ಅವನು ಇನ್ನೊಂದು ಸಲ ಹೇಳಿದ.